ಮಳೆಮರದ ಬುಡದಲ್ಲಿ ಹದಿನೇಳು ಕೆಂಪು ಗೆರೆ

ಶ್ರೀಹರಿಯವರ ಮನೆಯಲ್ಲಿ ಕೆಂಪು ಗೆರೆಯಿಲ್ಲದ ಸ್ಕ್ರೂ ಒಂದೂ ಇರಲಿಲ್ಲ. ಕುಕ್ಕರಿನ ಹಿಡಿ, ಮಿಕ್ಸಿಯ ಅಡಿ, ಗೋಡೆ ಗಡಿಯಾರದ ಬೆನ್ನು, ದೇವರ ಮನೆಯ ಬಾಗಿಲು, ಕಡೆಗೆ ಹೆಂಡತಿ ರಮಾಮಣಿಯ ಕನ್ನಡಕದ ಸಾಸಿವೆ ಗಾತ್ರದ ಸ್ಕ್ರೂ, ಎಲ್ಲದರ ಮೇಲೂ ಸಣ್ಣದೊಂದು ಗೆರೆ, ಕೆಲವದರ ಪಕ್ಕದಲ್ಲಿ ಲೆಕ್ಕದ ಅಂಕಿಯೂ. ಸ್ಕ್ರೂವಿನ ತಲೆಯ ಮೇಲಿಂದ ಹೊರಟು ಪಕ್ಕದ ತಗಡಿನ ಮೇಲೆ ಬಂದು ನಿಲ್ಲುವ ಗೆರೆ. ವಿಮಾನ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದ ಅವರಿಗೆ ಇದು ಚಟವಲ್ಲ, ಧರ್ಮ. ಅಲ್ಲಿ ಫಿಟ್ಟರ್ ಬೋಲ್ಟು ಬಿಗಿ ಮಾಡುತ್ತಾನೆ. ಇನ್‌ಸ್ಪೆಕ್ಟರ್ ಪರೀಕ್ಷಿಸಿ, ಬೋಲ್ಟಿಗೂ ಕೆಳಗಿನ ತಗಡಿಗೂ ಸೇರಿಸಿ ಕೆಂಪು ಗೆರೆ ಎಳೆಯುತ್ತಾನೆ. ಬೋಲ್ಟು ಒಂದಿಷ್ಟು ಅಲುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಗೆರೆ ನೆಟ್ಟಗಿದ್ದರೆ ವಿಮಾನ ಹಾರಬಹುದು. ರಮಾಮಣಿಯ ಕುಕ್ಕರು ಕೂಡ ಇದೇ ನಿಯಮದಡಿಯಲ್ಲಿ ದಿನಾ ಬೆಳಿಗ್ಗೆ ಒಲೆ ಏರುತ್ತಿತ್ತು.

ಆ ಮೂವತ್ನಾಲ್ಕು ವರ್ಷಗಳಲ್ಲಿ ಮೂವತ್ತು ವರ್ಷ ಅವರ ಮುಂದೆ ಬೋಲ್ಟು ಬಿಗಿ ಮಾಡಿದವರು ಪಕ್ಕದ ಮನೆಯ ಅಕ್ತರ್. ಇಬ್ಬರೂ ಒಟ್ಟಿಗೇ ಸಾಲ ಮಾಡಿ, ವಿಮಾನಪುರದ ಪಕ್ಕದ ಐದನೇ ಕ್ರಾಸಿನಲ್ಲಿ ಅಕ್ಕಪಕ್ಕದ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದ್ದರು. ಇಪ್ಪತ್ತೆಂಟು ವರ್ಷದ ಕೆಳಗೆ ಕಾರ್ಖಾನೆಯ ವನಮಹೋತ್ಸವದಲ್ಲಿ ಮಿಕ್ಕಿದ ಒಂದು ಮಳೆಮರದ ಸಸಿಯನ್ನು ಸ್ಕೂಟರಿನ ಮೇಲೆ ತಂದು ಎರಡು ಗೇಟುಗಳ ನಡುವೆ, ಫುಟ್‌ಪಾತಿನ ಅಂಚಿನಲ್ಲಿ ನೆಟ್ಟಿದ್ದರು. ಗುಂಡಿ ತೋಡಿ ನೆಟ್ಟದ್ದು ಅಕ್ತರ್. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಸಸಿ ನೆಟ್ಟಗಿಲ್ಲವೆಂದು ಎರಡು ಸಲ ಕೀಳಿಸಿ ಮತ್ತೆ ನೆಡಿಸಿದ್ದು ಶ್ರೀಹರಿ.

ಈಗ ಆ ಮರ ಐದು ಮನೆಗೆ ನೆರಳು ಕೊಡುತ್ತಿತ್ತು. ಅದರ ಬೇರುಗಳೋ, ಮೇಲಿನ ನೆರಳಿಗೆ ಕೆಳಗೆ ಬಾಡಿಗೆ ವಸೂಲಿ ಮಾಡುತ್ತಿದ್ದವು. ಫುಟ್‌ಪಾತಿನ ಕಲ್ಲುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಎದ್ದು ನಿಂತಿದ್ದವು. ಶ್ರೀಹರಿಯವರ ಕಾರು ಒಳಗೆ ಬರುವ ಇಳಿಜಾರು ಎರಡು ಹೋಳಾಗಿತ್ತು. ಅದು ಹೋಗಲಿ, ಕಾರಿಗೆ ತಾನೇ ನೋವು. ಅಕ್ತರ್ ಮನೆಯ ಮುಂದಿನ ರ‍್ಯಾಂಪ್‌ನ ಕಥೆ ಬೇರೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅಕ್ತರ್ ಗಾಲಿಕುರ್ಚಿಗೆ ಬಂದಿದ್ದರು. ಕಳೆದ ನವೆಂಬರಿನಲ್ಲಿ ಅವರ ಕುರ್ಚಿಯ ಮುಂದಿನ ಗಾಲಿ ಬೇರು ಎತ್ತಿದ ಕಲ್ಲಿಗೆ ಸಿಕ್ಕಿ, ಕುರ್ಚಿ ಮಗುಚಿಕೊಳ್ಳುವುದರಲ್ಲಿತ್ತು. ತರಕಾರಿ ಗಾಡಿಯವನು ಓಡಿಬಂದು ಹಿಡಿದ. ಅವತ್ತಿನಿಂದ ಅವರ ಹೆಂಡತಿ ತಾಹೇರಾ ಗಂಡನನ್ನು ಹೊಸಿಲು ದಾಟಲು ಬಿಡಲಿಲ್ಲ. ಏಳು ತಿಂಗಳಿಂದ ಅಕ್ತರ್ ಕಿಟಕಿಯ ಸರಳಿನ ಹಿಂದೆ ಕುಳಿತು ಮರ ನೋಡುತ್ತಿದ್ದರು.

"ಭಾಯ್‌ಸಾಬ್, ಮರ ಇರಬೇಕು, ಇಲ್ಲ ಇವರು ಹೊರಗೆ ಬರಬೇಕು. ಎರಡೂ ಅಂದ್ರೆ ಆಗಲ್ಲ," ಎಂದು ಒಂದು ದಿನ ತಾಹೇರಾ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು.

"ಮರಕ್ಕೆ ಕೊಡಲಿ ಹಾಕಿದ್ರೆ ನಾನು ಊಟ ಬಿಡ್ತೀನಿ ನೋಡು!" ಎಂದು ಒಳಗಿನಿಂದ ಅಕ್ತರ್ ಕೂಗಿದರು.

ಶ್ರೀಹರಿಯವರು ಎದೆಯ ಮೇಲೆ ಕೈಯಿಟ್ಟು, "ಎರಡೂ ಆಗುತ್ತೆ ತಾಹೇರಾ. ಮರಾನೂ ಇರುತ್ತೆ, ಅಕ್ತರೂ ಬರ್ತಾನೆ. ನಾನು ನೋಡ್ಕೋತೀನಿ," ಎಂದುಬಿಟ್ಟರು. ಹೇಳಿದ ಮೇಲೆ ಹೇಗೆಂದು ಯೋಚಿಸತೊಡಗಿದರು.

ಮೂರು ವಾರ ಯೋಚಿಸಿದ ಮೇಲೆ ಅವರಿಗೆ ತೋಚಿದ್ದು ಒಂದೇ. ಮೊದಲು ಯಾವ ಬೇರು ಎಷ್ಟು ಅಲುಗುತ್ತಿದೆ ಎಂದು ಗೊತ್ತಾಗಬೇಕು. ಅಲುಗಿದ್ದು ಗೊತ್ತಾಗಬೇಕಾದರೆ ಗೆರೆ ಬೇಕು.

ಜೂನ್ ಹದಿನೈದು, ಭಾನುವಾರ ಮಧ್ಯಾಹ್ನ. ಐದನೇ ಕ್ರಾಸು ಊಟ ಮುಗಿಸಿ ಮಲಗಿತ್ತು. ಶ್ರೀಹರಿಯವರು ಕಾರ್ಖಾನೆಯಿಂದ ನಿವೃತ್ತಿಯ ನೆನಪಿಗೆಂದು ತಂದಿದ್ದ ಬಣ್ಣದ ಡಬ್ಬಿ ಹಿಡಿದು ಹೊರಗೆ ಬಂದರು. ತಮ್ಮ ಇಳಿಜಾರಿನಿಂದ ಶುರು ಮಾಡಿ, ಬೇರಿನ ಮೇಲಿಂದ ಕಲ್ಲಿನ ಮೇಲೆ ಒಂದು ಗೆರೆ, ಪಕ್ಕದಲ್ಲಿ ಅಂಕಿ 1. ಮುಂದಿನ ಬೇರು, 2. ಅಕ್ತರ್ ರ‍್ಯಾಂಪಿನ ಮೇಲೆ 8, 9, 10. ಒಂದು ದೊಡ್ಡ ಬೇರು ರಸ್ತೆಯ ಅಡಿಯಲ್ಲಿ ಹಾದು ಆಚೆ ಬದಿಯ ಮೆಟ್ಟಿಲನ್ನೂ ಎತ್ತಿತ್ತು. ಅಲ್ಲಿಗೆ ಹೋಗಿ 17. ಕಡೆಗೆ ಮರದ ಬುಡದಲ್ಲಿ ಮುಂದಿನ ತಪಾಸಣೆಯ ದಿನವನ್ನು ಬರೆದರು: 21-6. ಕಾರ್ಖಾನೆಯಲ್ಲಿ ಯಾವತ್ತೂ ಶನಿವಾರವೇ ತಪಾಸಣೆ. ಒಂದು ಹೆಜ್ಜೆ ಹಿಂದೆ ಬಂದು, ತಲೆ ಓರೆ ಮಾಡಿ ನೋಡಿದರು. ಅಚ್ಚುಕಟ್ಟಾಗಿತ್ತು. ಒಳಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡಿದರು. ಆ ವಾರದ ಕೊನೆಯ ನೆಮ್ಮದಿಯ ನಿದ್ದೆ ಅದು.

ಸೋಮವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಎದುರುಮನೆಯ ಚಿಕ್ಕವೆಂಕಟಪ್ಪನವರ ಕೂಗು ಕೇಳಿಸಿತು. ಚಿಕ್ಕವೆಂಕಟಪ್ಪ ಕ್ರಾಸಿನ ನಿವಾಸಿಗಳ ಸಂಘದ ಅಧ್ಯಕ್ಷರು. ಮೂರು ಮಹಡಿ, ಒಂಬತ್ತು ಬಾಡಿಗೆ ಮನೆ. ಕಟ್ಟಡವೆಲ್ಲ ತಮ್ಮ ಸೈಟಿನಲ್ಲಿ. ಗ್ರಾನೈಟಿನ ಮೆಟ್ಟಿಲು ಮತ್ತು ಹೂಕುಂಡಗಳ ಕಬ್ಬಿಣದ ಪಂಜರ ಮಾತ್ರ ಫುಟ್‌ಪಾತಿನಲ್ಲಿ.

"ಅಯ್ಯಯ್ಯೋ, ಮಾರ್ಕಿಂಗ್ ಮಾಡ್ಬಿಟ್ಟವ್ರೆ! ಎದ್ದು ಬನ್ರಪ್ಪೋ, ಮನೆ ಹೋಯ್ತು!"

ಈ ಊರಿನಲ್ಲಿ ರಸ್ತೆ ಬದಿಯ ಗೋಡೆ, ಮರಗಳ ಮೇಲೆ ಕೆಂಪು ಅಂಕಿ ಬಿದ್ದರೆ ಅದಕ್ಕೆ ಅರ್ಥ ಒಂದೇ. ರಸ್ತೆ ಅಗಲವಾಗುತ್ತದೆ, ಹಿಂದೆಯೇ ಜೆಸಿಬಿ ಬರುತ್ತದೆ. ಅಂಕಿ ಬಿದ್ದ ಮರ ಉಳಿದದ್ದನ್ನು ಯಾರೂ ನೋಡಿಲ್ಲ. ಎಳೆಯ ಮಕ್ಕಳಿಗೂ ಗೊತ್ತಿರುವ ಈ ವಿಷಯ, ಮೂವತ್ನಾಲ್ಕು ವರ್ಷ ಕಾರ್ಖಾನೆಯ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ಹೋಗಿ ಬಂದ ಶ್ರೀಹರಿಯವರ ತಲೆಗೆ ಹೊಳೆದಿರಲಿಲ್ಲ.

ಅವರು ಕಾಫಿ ಲೋಟ ಹಿಡಿದು ಹೊರಗೆ ಬಂದಾಗ ಬೀದಿಯಲ್ಲಿ ನಲವತ್ತು ಜನ ಸೇರಿದ್ದರು. "ಅದು ಏನಿಲ್ಲಪ್ಪ, ಅದು..." ಎಂದು ನಗುತ್ತಲೇ ಶುರು ಮಾಡಿದರು.

"ಯಾವ ಮುಂಡೇಮಗ ನನ್ನ ಮೆಟ್ಟಿಲ ಮೇಲೆ ಹದಿನೇಳು ಅಂತ ಬರೆದ್ನೋ ಅವನು ನನ್ನ ಕೈಗೆ ಸಿಗಬೇಕು," ಎಂದು ಚಿಕ್ಕವೆಂಕಟಪ್ಪ ತೋಳು ಮಡಿಸಿದರು. "ಬರೆದ ಕೈನ ಮುರಿದು, ಅದೇ ಪಂಜರದಾಗೆ ನೇತು ಹಾಕ್ತೀನಿ. ಏನೋ ಅಂತಿದ್ರಿ, ಹೇಳಿ ಸಾರ್."

ಶ್ರೀಹರಿಯವರ ಬಲಗೈ ಹೆಬ್ಬೆರಳಿನ ಮೇಲೆ ನಿನ್ನೆಯ ಬಣ್ಣ ಇನ್ನೂ ಇತ್ತು. ಅದನ್ನು ಲೋಟದ ಆಚೆಗೆ ತಿರುಗಿಸಿಕೊಂಡರು. "ಅದೇ... ಅದು ಯಾರು ಬರೆದಿರಬಹುದು ಅಂತ."

"ನಿಮಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗ್ಬೇಕು ಸಾರ್? ಹೋದ ತಿಂಗಳು ಮೀಟಿಂಗಲ್ಲಿ ನೀವೇ ಅಂದ್ರಲ್ಲ, ವಾರ್ಡ್ ಆಫೀಸ್ ಇಂಜಿನಿಯರ್ ನಂಗೆ ತುಂಬ ಬೇಕಾದವರು, ಒಂದು ಫೋನ್ ಸಾಕು ಅಂತ!"

ಅಂದದ್ದು ನಿಜ. ವಾರ್ಡ್ ಆಫೀಸಿಗೂ ಅವರಿಗೂ ಇದ್ದ ನಂಟೆಂದರೆ, ಒಮ್ಮೆ ಅಲ್ಲಿಗೆ ಹೋಗಿ ಜೆರಾಕ್ಸ್ ಅಂಗಡಿ ಎಲ್ಲಿದೆ ಎಂದು ಕೇಳಿದ್ದು. ನಲವತ್ತು ಜೋಡಿ ಕಣ್ಣು ಅವರನ್ನೇ ನೋಡಿದವು. ಶ್ರೀಹರಿಯವರು "ವಿಚಾರಿಸ್ತೀನಿ," ಎಂದರು.

ಒಳಗೆ ಬಂದರೆ ರಮಾಮಣಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಹೆಬ್ಬೆರಳು ತೋರಿಸಿ."

ತೋರಿಸಿದರು.

"ನಂಗೆ ಆಗ್ಲೇ ಗೊತ್ತಾಯ್ತು. ಆ ಒಂಬತ್ತು, ನನ್ನ ಮಿಕ್ಸಿ ಜಾರಿನ ಮೇಲಿರೋ ಒಂಬತ್ತೇ. ಈಗ್ಲೇ ಹೋಗಿ ಹೇಳ್ಬನ್ನಿ."

"ಕೈ ಮುರೀತೀನಿ ಅಂತಿದಾನಲ್ಲೇ."

"ಒಂದು ಕೈ ತಾನೇ? ನಾಳೆ ಹೇಳಿದ್ರೆ ಎರಡೂ ಮುರೀತಾರೆ."

"ಸ್ವಲ್ಪ ತಣ್ಣಗಾಗ್ಲಿ. ಸಾಯಂಕಾಲ ಹೇಳ್ತೀನಿ," ಎಂದು ಶ್ರೀಹರಿಯವರು ಬಚ್ಚಲುಮನೆಗೆ ಹೋಗಿ ಹೆಬ್ಬೆರಳನ್ನು ತೆಂಗಿನ ನಾರಿನಿಂದ ಉಜ್ಜತೊಡಗಿದರು. ವಿಮಾನದ ಬಣ್ಣ ಅದು. ಚರ್ಮ ಹೋಯಿತು, ಬಣ್ಣ ಹೋಗಲಿಲ್ಲ.

ಸಾಯಂಕಾಲ ಜನ ತಣ್ಣಗಾಗಲಿಲ್ಲ. ಗೇಟಿನ ಮುಂದೆ ಅರವತ್ತು ಜನರಿದ್ದರು. "ಏನಂದ್ರು ಸಾರ್ ಇಂಜಿನಿಯರು?" ಶ್ರೀಹರಿಯವರು ನಿಜ ಹೇಳಲೆಂದೇ ಬಾಯಿ ತೆರೆದರು. ಅದರಿಂದ ಹೊರಬಿದ್ದದ್ದು ಮಾತ್ರ, "ವಿಷಯ ಸ್ವಲ್ಪ ಮೇಲಿನ ಮಟ್ಟದಲ್ಲಿದೆ," ಎಂಬ ಮಾತು. ಯಾರ ಮೇಲೂ ತಪ್ಪು ಹೊರಿಸದ ಮಾತೆಂದು ಅವರೇ ಮೆಚ್ಚಿಕೊಂಡರು.

ಮೇಲಿನ ಮಟ್ಟ ಎಂಬುದು ಬೀದಿಯ ಆ ತುದಿ ಮುಟ್ಟುವ ಹೊತ್ತಿಗೆ ಮೇಲ್ಸೇತುವೆಯಾಯಿತು. ಮಂಗಳವಾರ ಬೆಳಿಗ್ಗೆ ಮೆಟ್ರೋ ಆಯಿತು. ಮಂಗಳವಾರ ಸಂಜೆಗೆ, ಸುರಂಗ ಬರುತ್ತದೆ, ಅದರ ಗಾಳಿಕಿಂಡಿ ಸರಿಯಾಗಿ ಚಿಕ್ಕವೆಂಕಟಪ್ಪನವರ ಅಡುಗೆಮನೆಯಲ್ಲಿ ಎಂದು ಖಚಿತವಾಯಿತು. ಮರದ ಮೇಲಿನ 21-6 ಏನೆಂದು ಯಾರಿಗೂ ಅನುಮಾನವಿರಲಿಲ್ಲ. ಶನಿವಾರ ಬೆಳಿಗ್ಗೆ ಒಡೆಯಲು ಬರುತ್ತಾರೆ.

"ಜೆಸಿಬಿಯವನು ಬಂದ್ರೆ ಕಲ್ಲು ಪುಡಿ ಮಾಡ್ತಾನೆ. ನಮ್ಮದನ್ನ ನಾವೇ ಬಿಚ್ಕೊಂಡ್ರೆ ಸಾಮಾನಾದ್ರೂ ಉಳೀತದೆ," ಎಂದು ಚಿಕ್ಕವೆಂಕಟಪ್ಪ ಅಪ್ಪಣೆ ಕೊಡಿಸಿದರು. ಅವರ ಕಟ್ಟಡದ ಹಿಂದಿನ ಒಂದು ಕೋಣೆಯಲ್ಲಿ ಯಾದಗಿರಿ ಕಡೆಯ ರಾಮಣ್ಣ, ಅಯ್ಯಮ್ಮ ಎಂಬ ಗಂಡ ಹೆಂಡತಿ ಬಾಡಿಗೆಗಿದ್ದರು, ಗಾರೆ ಕೆಲಸದವರು. ಬುಧವಾರ ಅವರ ಸುತ್ತಿಗೆಗೆ ಬಿಡುವಿರಲಿಲ್ಲ. ಮೊದಲು ಚಿಕ್ಕವೆಂಕಟಪ್ಪನವರ ಮೆಟ್ಟಿಲು ಹೋಯಿತು, ಆಮೇಲೆ ಪಂಜರ. ಪಕ್ಕದವರ ಜಗಲಿ ಹೋಯಿತು, ಅವರಾಚೆಯವರ ತುಳಸಿಕಟ್ಟೆ ಕಾಂಪೌಂಡಿನ ಒಳಕ್ಕೆ ಬಂತು. ಒಂದೊಂದು ಏಟು ಬಿದ್ದಾಗಲೂ ಶ್ರೀಹರಿಯವರು ಸೋಫಾದ ಮೇಲೆ ಕುಳಿತಲ್ಲೇ ಒಂದಿಂಚು ಎಗರಿ ಬೀಳುತ್ತಿದ್ದರು.

ಅಯ್ಯಮ್ಮ ಮಾತ್ರ ಮರದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಉಗುರಿನಿಂದ ಗೆರೆ ಕೆರೆದು ನೋಡಿ ಅಂದಳು. "ಏನ್ ಬಣ್ಣ ಐತ್ರೀ ಇದು! ಮೊನ್ನಿಂದ ಎರಡು ಮಳಿ ಬಂತು, ಒಂದು ಗೆರಿ ಸುದ್ದಾ ಅಳಿಸಿಲ್ಲ. ಸರಕಾರದ ಬಣ್ಣ ಇಷ್ಟು ಚಲೋ ಇರ್ತದೇನ್ರೀ?"

ಗೇಟಿನ ಬಳಿ ನಿಂತಿದ್ದ ಶ್ರೀಹರಿಯವರು ಕೆಮ್ಮುತ್ತ ಒಳಗೆ ಹೋದರು.

ಗುರುವಾರ ಸಂಜೆ ಚಿಕ್ಕವೆಂಕಟಪ್ಪ ಎಂಟು ಜನರನ್ನು ಕಟ್ಟಿಕೊಂಡು ಬಂದು ಶ್ರೀಹರಿಯವರ ವರಾಂಡದಲ್ಲಿ ಕುಳಿತರು. ಕೈಯಲ್ಲಿ ಒಂದು ಅರ್ಜಿ.

"ನೋಡಿ ಸಾರ್, ಅವರಿಗೆ ಬೇಕಿರೋದು ಜಾಗ. ಮರ ಆರಡಿ ತಿಂದೈತೆ. ಮರಾನ ತಗೊಂಡೋಗ್ರಪ್ಪ, ಮನೆಗಳ ತಂಟೆಗೆ ಬರಬೇಡಿ ಅಂತ ನಾವೇ ಬರೆದುಕೊಟ್ರೆ ಎಲ್ಲಾರೂ ಉಳ್ಕೋತೀವಿ. ಮೊದಲನೇ ಸೈನು ನಿಮ್ದು. ನಿಮ್ ಹೆಸರು ನೋಡಿದ್ರೆ ಆಫೀಸಲ್ಲಿ ಬೆಲೆ."

ಸದರಿ ಮಳೆಮರವನ್ನು ಕೂಡಲೇ ತೆರವುಗೊಳಿಸಿ ಎಂದು ಅದರಲ್ಲಿತ್ತು. ಶ್ರೀಹರಿಯವರು ಎರಡು ಸಲ ಓದಿದರು. ಇದೇ ಸಮಯ. ಈಗ ಬಾಯಿ ಬಿಟ್ಟರೆ ಮುಗಿಯಿತು. ಎಂಟು ಜನರ ಮುಖ ನೋಡಿದರು, ಚಿಕ್ಕವೆಂಕಟಪ್ಪನವರ ಮುಂಗೈ ನೋಡಿದರು. ಮೆಟ್ಟಿಲು ಒಡೆದುಕೊಂಡವನಿಗೆ, ನಿನ್ನ ಮೆಟ್ಟಿಲು ಸುಮ್ಮನೆ ಹೋಯಿತಪ್ಪ ಎಂದು ಹೇಗೆ ಹೇಳುವುದು? ಪಕ್ಕದ ಕಿಟಕಿಯಲ್ಲಿ ಸರಳಿನ ಹಿಂದೆ ಅಕ್ತರ್ ಕುಳಿತಿದ್ದರು, ಇತ್ತಲೇ ನೋಡುತ್ತಿದ್ದರು.

ಪರೀಕ್ಷಿಸದೆ ಒಂದು ಬೋಲ್ಟಿಗೂ ಸಹಿ ಹಾಕದ ಶ್ರೀಹರಿಯವರು ಆ ಅರ್ಜಿಗೆ ಸಹಿ ಹಾಕಿದರು.

ತಲೆಯೆತ್ತಿದಾಗ ಕಿಟಕಿಯ ಬಾಗಿಲು ಮುಚ್ಚಿತ್ತು. ಅವರಿಗೆ ನಾಚಿಕೆಯಾಯಿತು, ಹುಟ್ಟಿದಾಗಿನಿಂದ ಆಗದಷ್ಟು ನಾಚಿಕೆಯಾಯಿತು. ರಾತ್ರಿ ಊಟಕ್ಕೆ ರಮಾಮಣಿ ತಟ್ಟೆ ಇಟ್ಟು, ಹೋಗಿ ಟಿವಿ ಮುಂದೆ ಕುಳಿತಳು. ಟಿವಿ ಹಾಕಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವರು ಒಂದು ಧೈರ್ಯ ಮಾಡಿದರು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು, ಬೀದಿ ಖಾಲಿಯಾದ ಹೊತ್ತು ನೋಡಿ, ಮರದ ಬುಡಕ್ಕೆ ಹೋಗಿ ಉಜ್ಜತೊಡಗಿದರು. ಗೆರೆಯೇ ಇಲ್ಲವೆಂದರೆ ಶನಿವಾರವೂ ಇಲ್ಲ ಎಂಬುದು ಲೆಕ್ಕ. ಐದು ನಿಮಿಷ ಉಜ್ಜಿದ್ದಕ್ಕೆ ಅಂಕಿ ಇನ್ನಷ್ಟು ಹೊಳೆಯಿತು.

"ಸಾರ್! ಏನ್ ಮಾಡ್ತಿದೀರಿ!" ಚಿಕ್ಕವೆಂಕಟಪ್ಪ ಓಡಿಬಂದು ಅವರ ರಟ್ಟೆ ಹಿಡಿದರು. "ಸರ್ಕಾರಿ ಮಾರ್ಕು ಅಳಿಸಿದ್ರೆ ಜೈಲು! ನಮಗೋಸ್ಕರ ನೀವು ಜೈಲಿಗೆ ಹೋಗೋದು ಬೇಡ." ಆಮೇಲೆ ಬೀದಿಗೆಲ್ಲ ಕೇಳುವಂತೆ, "ನೋಡ್ರಪ್ಪ, ಮನುಷ್ಯ ಅಂದ್ರೆ ಇವರು!" ಎಂದರು. ಅಂಕಿಗಳಿಗೆ ಏನೂ ಆಗದಂತೆ ನೋಡಿಕೊಳ್ಳಲು ಸಂಘದ ಇಬ್ಬರನ್ನು ಕುರ್ಚಿ ಹಾಕಿ ಕೂರಿಸಿದರು.

ಅದೇ ಸಂಜೆ ಬೇಲಿಯಾಚೆಯಿಂದ ತಾಹೇರಾಳ ದನಿ ಕೇಳಿಸಿತು. ರಾಮಣ್ಣನಿಗೆ ಹೇಳುತ್ತಿದ್ದಳು. "ನಾಳೆ ಎಂಟು ಗಂಟೆಗೆ ಬಂದು ನಮ್ ರ‍್ಯಾಂಪ್ ಬಿಚ್ಚಿಬಿಡು. ಆ ಕಡಪ ಕಲ್ಲು ನಮ್ ಅಬ್ಬಾ ಹಾಕಿಸಿಕೊಟ್ಟಿದ್ದು. ಅದಾದ್ರೂ ಉಳೀಲಿ."

"ಮತ್ತ ಅಕ್ತರ್ ಸಾಹೇಬ್ರು ಹೊರಗ ಹ್ಯಾಂಗ್ ಬರ್ತಾರ್ರೀ?"

"ಇನ್ನೆಲ್ಲಿ ಬರೋದು," ಎಂದಳು ತಾಹೇರಾ.

ಶ್ರೀಹರಿಯವರು ಆ ರಾತ್ರಿ ಕಣ್ಣು ಮುಚ್ಚಲಿಲ್ಲ.

ಶನಿವಾರ ಎಂಟು ಗಂಟೆಗೆ ಐದನೇ ಕ್ರಾಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ಬದಿಯ ಮಹಡಿಗಳ ಮೇಲೂ ಜನ. ರಾಮಣ್ಣ ಅಕ್ತರ್ ಮನೆಯ ಮುಂದೆ ತಲೆಗೆ ಟವೆಲು ಸುತ್ತಿಕೊಂಡು ಸುತ್ತಿಗೆಗೆ ಹಿಡಿ ಬಿಗಿ ಮಾಡಿಕೊಳ್ಳುತ್ತಿದ್ದ. ಎಲ್ಲರ ಕಣ್ಣೂ ಬೀದಿಯ ತುದಿಯ ಮೇಲೆ. ಜೆಸಿಬಿಗಾಗಿ ಕಾದಿದ್ದ ಆ ಬೀದಿಗೆ ಬಂದದ್ದು ಒಂದು ಸ್ಕೂಟರು. ಅದರಿಂದ ಇಳಿದ ಹುಡುಗಿ ಹೆಲ್ಮೆಟ್ ತೆಗೆದು, ಬ್ಯಾಗಿನಿಂದ ಒಂದು ಕಾಗದ ಹೊರಗೆಳೆದಳು.

"ನಾನು ಗಗನಾ, ವಾರ್ಡ್ ಇಂಜಿನಿಯರ್. ಮರ ತೆಗೀರಿ ಅಂತ ನಿನ್ನೆ ಅರ್ಜಿ ಕೊಟ್ಟಿದೀರಲ್ಲ, ಸ್ಥಳ ನೋಡೋಕೆ ಬಂದೆ." ಅವಳ ಕಣ್ಣು ನೆಲದ ಮೇಲೆ ಹರಿಯಿತು. "ಇದೇನಿದು? ಈ ಮಾರ್ಕಿಂಗ್ ಯಾರು ಮಾಡಿದ್ದು?"

"ನೀವೇ ಅಲ್ವೇ ಮೇಡಂ?" ಎಂದರು ಚಿಕ್ಕವೆಂಕಟಪ್ಪ.

"ನಾವ್ಯಾಕೆ ಮಾಡೋಣ? ಈ ಬೀದೀಲಿ ಯಾವ ಕೆಲಸಾನೂ ಇಲ್ಲ."

"ನಿಮಗೆ ಗೊತ್ತಿಲ್ದೆ ಇರಬೋದು. ವಿಷಯ ಮೇಲಿನ ಮಟ್ಟದ್ದು. ನಮ್ ಶ್ರೀಹರಿ ಸಾರು ನಿಮ್ ಇಂಜಿನಿಯರ್ ಹತ್ರ ಮಾತಾಡವ್ರೆ."

"ಇಲ್ಲಿಗೆ ಇಂಜಿನಿಯರ್ ನಾನೇ. ನನ್ನ ಹತ್ರ ಯಾರೂ ಮಾತಾಡಿಲ್ಲ. ಯಾರವರು ಶ್ರೀಹರಿ?"

ಜನ ಎರಡು ಪಾಲಾಗಿ ಸರಿದರು. ನಡುವೆ, ಕೈಯಲ್ಲಿ ಕಾಫಿ ಲೋಟ ಹಿಡಿದು, ಶ್ರೀಹರಿಯವರು ಒಬ್ಬರೇ ಉಳಿದರು. ಅದೇ ಹೊತ್ತಿಗೆ, ಈ ಮಾತುಕತೆಯ ಗೊಡವೆಯೇ ಇಲ್ಲದ ರಾಮಣ್ಣ ಒಂಬತ್ತನೇ ಗೆರೆಯ ಮೇಲೆ ಸುತ್ತಿಗೆ ಎತ್ತಿದ.

"ನಿಲ್ಸೋ ರಾಮಣ್ಣಾ!"

ಆ ಕೂಗಿಗೆ ಮರದ ಮೇಲಿನ ಕಾಗೆಗಳೆಲ್ಲ ಎದ್ದು ಹೋದವು. ಲೋಟ ಕೆಳಗೆ ಬಿದ್ದು ಉರುಳಿತು.

"ಅದನ್ನ ಒಡೀಬೇಡ. ಯಾರೂ ಏನೂ ಒಡೀಬೇಡಿ. ರಸ್ತೆ ಇಲ್ಲ, ಮೆಟ್ರೋ ಇಲ್ಲ, ಸುರಂಗ ಇಲ್ಲ. ಬರೆದಿದ್ದು ನಾನು. ಹದಿನೇಳೂ ನಾನೇ." ಶ್ರೀಹರಿಯವರು ಗೆರೆಗಳ ಕಡೆ ಕೈ ತೋರಿಸಿದರು. "ಬೇರು ಎಷ್ಟು ಅಲುಗುತ್ತೆ ಅಂತ ನೋಡೋಕೆ ಗೆರೆ ಎಳೆದೆ. ಸೋಮವಾರಾನೇ ಹೇಳ್ಬೇಕಿತ್ತು. ಭಯ ಆಯ್ತು. ಇಂಜಿನಿಯರೂ ನಂಗೆ ಗೊತ್ತಿಲ್ಲ."

ಚಿಕ್ಕವೆಂಕಟಪ್ಪ ಮುಂದೆ ಬಂದರು. ಶ್ರೀಹರಿಯವರು ಕಣ್ಣು ಮುಚ್ಚಿ ಬಲಗೈಯನ್ನು ಮುಂದಕ್ಕೆ ಚಾಚಿದರು. ಚಿಕ್ಕವೆಂಕಟಪ್ಪ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು.

"ನೋಡಿದ್ರಾ ಮೇಡಂ? ನಮ್ಮನ್ನ ಉಳಿಸೋಕೆ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂತಾವ್ರೆ! ನಿನ್ನೆ ಸೀಮೆಎಣ್ಣೆ ತಗೊಂಡು ಅಳಿಸೋಕೆ ಹೋಗಿದ್ರು, ಇವತ್ತು ನೋಡಿ!"

ಯಾರೋ ಚಪ್ಪಾಳೆ ತಟ್ಟಿದರು. ಮಹಡಿಯ ಮೇಲಿನವರೂ ತಟ್ಟಿದರು.

"ಅಲ್ಲಪ್ಪಾ, ನಿಜವಾಗ್ಲೂ ನಾನೇ!"

"ಸುಮ್ನಿರಿ ಸಾರ್. ನಿಮ್ಮಂಥೋರು ಗೋಡೆ ಮೇಲೆ ಬರೀತಾರಾ?"

ಬದುಕಿನಲ್ಲಿ ಮೊದಲ ಸಲ ತಪ್ಪೊಪ್ಪಿಕೊಂಡರೆ ಅದನ್ನೂ ಯಾರೂ ಒಪ್ಪುತ್ತಿಲ್ಲ. ಶ್ರೀಹರಿಯವರಿಗೆ ಅಳು ಬರುವಂತಾಯಿತು. ಆಗ ಗೇಟು ದಡಾರನೆ ತೆರೆದು ರಮಾಮಣಿ ಬಂದಳು. ಒಂದು ಕೈಯಲ್ಲಿ ಕುಕ್ಕರು, ಇನ್ನೊಂದರಲ್ಲಿ ಮಿಕ್ಸಿ ಜಾರು.

"ಮೇಡಂ, ಇದನ್ನ ನೋಡಿ. ಹಿಡಿ ಮೇಲಿನ ಗೆರೆ. ಜಾರಿನ ಮೇಲಿನ ಒಂಬತ್ತು. ಈಗ ಆ ರ‍್ಯಾಂಪಿನ ಮೇಲಿನ ಒಂಬತ್ತು ನೋಡಿ. ಕೊಂಡಿ ಎಡಗಡೆಗೆ. ಮೂವತ್ತೈದು ವರ್ಷ ಆಯ್ತು ಈ ಮನುಷ್ಯನ್ನ ಕಟ್ಕೊಂಡು. ನನ್ನ ಕನ್ನಡಕಾನೂ ಬೇಕಾದ್ರೆ ಬಿಚ್ಚಿ ಕೊಡ್ತೀನಿ."

ಗಗನಾ ಕುಕ್ಕರನ್ನು ಬಿಸಿಲಿಗೆ ಹಿಡಿದು ನೋಡಿದಳು. ಚಿಕ್ಕವೆಂಕಟಪ್ಪ ಇನ್ನೂ ಒಪ್ಪುವಂತೆ ಕಾಣಲಿಲ್ಲ. "ಅಂಗಡೀಲಿ ಎಲ್ರಿಗೂ ಅದೇ ಬಣ್ಣ ಕೊಡ್ತಾರಲ್ವಾ..."

"ಅಂಗಡೀಲಿ ಸಿಗಲ್ಲ ಚಿಕ್ಕವೆಂಕಟಪ್ಪ. ಅದು ವಿಮಾನದ ಬಣ್ಣ."

ಪಕ್ಕದ ಮನೆಯ ಕಿಟಕಿ ತೆರೆದಿತ್ತು. ಸರಳಿನ ಹಿಂದೆ ಅಕ್ತರ್ ನಗುತ್ತಿದ್ದರು. ಅವರ ಮುಖದ ಒಂದು ಪಕ್ಕ ಮಾತ್ರ ನಗುತ್ತಿತ್ತು, ಅದೇ ಸಾಕಾಗಿತ್ತು.

"ಮೂವತ್ತು ವರ್ಷ ನಾನು ಬೋಲ್ಟ್ ಟೈಟ್ ಮಾಡ್ದೆ, ಇವರು ಗೆರೆ ಎಳೆದ್ರು. ಈ ಕೈ ನಂಗೊತ್ತಿಲ್ವಾ? ಸೋಮವಾರ ಪರದೆ ಸರಿಸಿದ ಕೂಡ್ಲೇ ಗೊತ್ತಾಯ್ತು."

ಶ್ರೀಹರಿಯವರು ಕಿಟಕಿಯ ಬಳಿಗೆ ಓಡಿದರು. "ಗೊತ್ತಿದ್ದೂ ಸುಮ್ನೆ ಇದ್ಯೇನೋ ಅಕ್ತರ್? ಆರು ದಿನ ನಾನು ಸತ್ತು ಬದುಕಿದೀನಿ!"

"ಮೂವತ್ತು ವರ್ಷ ನನ್ನ ಕೆಲಸದಲ್ಲಿ ತಪ್ಪು ಹುಡುಕಿದ್ರಿ ಸಾಬ್. ನಿಮ್ಮ ತಪ್ಪು ನಿಮ್ಮ ಬಾಯಿಂದ ಒಂದ್ಸಲ ಕೇಳಬೇಕಿತ್ತು." ಆಮೇಲೆ ನಗು ನಿಲ್ಲಿಸಿ ಮೆತ್ತಗೆ ಅಂದರು. "ಗುರುವಾರ ಮರ ತೆಗೆಸೋ ಅರ್ಜಿಗೆ ಸೈನ್ ಹಾಕಿದ್ರಲ್ಲ, ಅದು ನೋವಾಯ್ತು. ರ‍್ಯಾಂಪ್ ಒಡೆಸೋದು ಈಕೆ ನಂಗೆ ಹೇಳ್ಲೇ ಇಲ್ಲ. ನೀವು ಕೂಗ್ದೆ ಇದ್ದಿದ್ರೆ ನಾನೇ ಕೂಗ್ತಿದ್ದೆ."

ಶ್ರೀಹರಿಯವರು ಕಿಟಕಿಯಿಂದ ತಿರುಗಿದರು. ಗಗನಾಳ ಬಳಿಗೆ ಬಂದು ಕೈ ಮುಗಿದರು. "ಆ ಅರ್ಜೀಲಿ ಮೊದಲನೇ ಸಹಿ ನಂದೇ. ವಾಪಸ್ ತಗೋತೀನಮ್ಮ. ಈ ಮರ ನೆಟ್ಟಿದ್ದು ನಾವಿಬ್ಬರು."

"ವಾಪಸ್ ತಗೋತೀನಿ ಅಂತ ಬರೆದುಕೊಡಿ. ಸಾರ್ವಜನಿಕ ಜಾಗದಲ್ಲಿ ಬಣ್ಣ ಬಳಿದಿದ್ದು ತಪ್ಪು, ಇನ್ನು ಮಾಡಲ್ಲ ಅಂತಾನೂ ಬರೆದು ಸಹಿ ಹಾಕಿ," ಎಂದಳು ಗಗನಾ. ಆಮೇಲೆ ಬಗ್ಗಿ ಒಂದೊಂದೇ ಗೆರೆ ನೋಡುತ್ತ ನಡೆದಳು. "ಆದ್ರೆ ಸರ್, ಯಾವ ಬೇರು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗ್ತಿದೆ. ಬೇರು ಕಡಿದ್ರೆ ಮರ ಗಾಳಿಗೆ ಬೀಳುತ್ತೆ. ಕಾಂಕ್ರೀಟ್ ಹಾಕಿದ್ರೆ ಮತ್ತೆ ಎತ್ತುತ್ತೆ. ಬೇರು ಇಲ್ಲದ ಕಡೆ ಕಾಲು ಕೊಟ್ಟು, ಮೇಲೆ ಕಬ್ಬಿಣದ ರ‍್ಯಾಂಪ್ ಕೂರಿಸಿ. ಕೆಳಗೆ ನಾಲ್ಕು ಬೆರಳು ಜಾಗ ಬಿಡಿ. ವೆಲ್ಡಿಂಗ್ ಬೇಡ, ಬೋಲ್ಟ್ ಹಾಕಿ. ಬೇರು ಬೆಳೆದ್ರೆ ಬಿಚ್ಚಿ ಎತ್ತರ ಮಾಡ್ಕೊಬಹುದು."

ಬೋಲ್ಟು ಎಂಬ ಮಾತು ಕೇಳಿ ಶ್ರೀಹರಿ ಮತ್ತು ಅಕ್ತರ್ ಒಬ್ಬರನ್ನೊಬ್ಬರು ನೋಡಿದರು.

ಹೊರಡುವ ಮೊದಲು ಗಗನಾ ಬೀದಿಯ ಉದ್ದಕ್ಕೂ ಕಣ್ಣಾಡಿಸಿದಳು. ಮೆಟ್ಟಿಲಿಲ್ಲ, ಪಂಜರವಿಲ್ಲ, ಜಗಲಿಯಿಲ್ಲ. "ಇಲ್ಲಿ ಫುಟ್‌ಪಾತ್ ಮೇಲೆ ಇದ್ದಿದ್ದನ್ನೆಲ್ಲ ಯಾರು ತೆಗೆಸಿದ್ದು?"

"ನಾವೇ," ಎಂದರು ಚಿಕ್ಕವೆಂಕಟಪ್ಪ ಬಾಡಿದ ದನಿಯಲ್ಲಿ.

"ನೋಟಿಸ್ ಇಲ್ದೆ? ನೀವಾಗಿ ನೀವೇ?" ಗಗನಾ ಮೊಬೈಲು ತೆಗೆದು ಖಾಲಿ ಫುಟ್‌ಪಾತಿನ ಮುಂದೆ ಅವರನ್ನು ನಿಲ್ಲಿಸಿ ಫೋಟೋ ತೆಗೆದಳು. "ನನ್ನ ಸರ್ವೀಸಲ್ಲೇ ಇಂಥ ಬೀದಿ ನೋಡಿಲ್ಲ. ಮತ್ತೆ ಕಟ್ಟಬೇಡಿ. ಫೋಟೋ ಇದೆ."

ಚಿಕ್ಕವೆಂಕಟಪ್ಪ ಎರಡು ವಾರ ಶ್ರೀಹರಿಯವರನ್ನು ಮಾತಾಡಿಸಲಿಲ್ಲ. ಮೂರನೆಯ ವಾರ ಅವರ ಮುದಿ ತಾಯಿ, ಹೊಸ ಖಾಲಿ ಫುಟ್‌ಪಾತಿನಲ್ಲಿ ಕೋಲೂರಿಕೊಂಡು ಯಾರ ಸಹಾಯವೂ ಇಲ್ಲದೆ ಆಂಜನೇಯನ ಗುಡಿಗೆ ಹೋಗಿ ಬಂದ ಮೇಲೆ, "ಏನ್ ಸಾರ್, ಕಾಫಿ ಆಯ್ತಾ?" ಎಂದು ತಾವಾಗಿಯೇ ಕೇಳಿದರು.

ಆ ಭಾನುವಾರವೇ ಕಬ್ಬಿಣದ ರ‍್ಯಾಂಪ್ ಬಂತು. ರಾಮಣ್ಣ ಎದ್ದ ಕಲ್ಲುಗಳನ್ನು ಸರಿಸಿ, ಗೆರೆಗಳನ್ನು ನೋಡಿಕೊಂಡು, ಬೇರು ತಪ್ಪಿಸಿ ನಾಲ್ಕು ಕಡೆ ಕಾಲು ಕೂರಿಸಿದ. ಅಯ್ಯಮ್ಮ ಕಡಪ ಕಲ್ಲನ್ನು ತೊಳೆದು ತಾಹೇರಾಳ ಬಾಗಿಲಿಗೆ ಹಾಸಿದಳು. ನಾಲ್ಕು ಬೋಲ್ಟುಗಳನ್ನು ಮಾತ್ರ ಅಕ್ತರ್ ಯಾರಿಗೂ ಮುಟ್ಟಲು ಬಿಡಲಿಲ್ಲ. ಹೊಸಿಲಿನ ಬಳಿ ಗಾಲಿಕುರ್ಚಿಯಿಂದ ಬಗ್ಗಿ, ಸರಿಯಿದ್ದ ಎಡಗೈಯಲ್ಲಿ ತಮ್ಮ ಹಳೆಯ ಸ್ಪ್ಯಾನರ್ ಹಿಡಿದು ಮೇಲಿನ ಎರಡನ್ನು ಬಿಗಿ ಮಾಡಿದರು. ಕೆಳಗಿನ ಎರಡಕ್ಕೆ ಶ್ರೀಹರಿಯವರು ಹಿಂದಿನಿಂದ ಕುರ್ಚಿ ಹಿಡಿದುಕೊಂಡರು. ಅರ್ಧ ಗಂಟೆ ಹಿಡಿಯಿತು. ಅಕ್ತರ್ ಬೆವರು ಒರೆಸಿಕೊಂಡು, ಮೊದಲಿನ ಹಾಗೇ ಹೇಳಿದರು.

"ಆಯ್ತು ಸಾಬ್. ಗೆರೆ ಎಳೀರಿ."

ನೋಡುತ್ತ ನಿಂತಿದ್ದ ಬೀದಿಯ ಉಸಿರು ನಿಂತಿತು. "ಬೇಡ ಸಾರ್, ನಿಮ್ ಕಾಲಿಗೆ ಬೀಳ್ತೀನಿ," ಎಂದರು ಚಿಕ್ಕವೆಂಕಟಪ್ಪ. ಬಣ್ಣದ ಡಬ್ಬಿಯನ್ನು ರಮಾಮಣಿ ಯಾವತ್ತೋ ಕಸದ ಗಾಡಿಗೆ ಹಾಕಿದ್ದಳು. ತಾಹೇರಾ ಒಳಗೆ ಹೋಗಿ, ಮಗಳು ಬಿಟ್ಟು ಹೋಗಿದ್ದ ಕೆಂಪು ಉಗುರುಬಣ್ಣದ ಸೀಸೆ ತಂದುಕೊಟ್ಟಳು.

ಶ್ರೀಹರಿಯವರು ಮೊಣಕಾಲೂರಿ ಕುಳಿತರು. ಬೋಲ್ಟುಗಳನ್ನು ಒಂದೊಂದಾಗಿ ಒತ್ತಿ, ತಟ್ಟಿ, ಅಲುಗಿಸಿ ನೋಡಿದರು. ಮೂರನೆಯದರ ಬಳಿ ಸ್ವಲ್ಪ ಹೆಚ್ಚು ಹೊತ್ತು ತಡೆದರು. ಅಕ್ತರ್ ಹುಬ್ಬು ಗಂಟಿಕ್ಕಿದರು. ಅದೂ ಸರಿಯಿತ್ತು. ನಾಲ್ಕು ಗೆರೆ ಬಿದ್ದವು.

ಗಾಲಿ ಕಬ್ಬಿಣದ ಮೇಲೆ ಗಡಗಡನೆ ಉರುಳಿ ಕೆಳಗಿಳಿಯಿತು. ಏಳೂವರೆ ತಿಂಗಳ ಮೇಲೆ ಅಕ್ತರ್ ಮರದ ಬುಡಕ್ಕೆ ಬಂದು ತೊಗಟೆಯ ಮೇಲೆ ಅಂಗೈಯಿಟ್ಟರು. ತಾಹೇರಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಕ್ತರ್ ಬಹಳ ಹೊತ್ತು ತಲೆಯೆತ್ತಿ ಕೊಂಬೆಗಳನ್ನು ನೋಡಿ, ಆಮೇಲೆ ಬುಡದಲ್ಲಿನ್ನೂ ಹೊಳೆಯುತ್ತಿದ್ದ 21-6ನ್ನು ನೋಡಿ ಕೇಳಿದರು.

"ಮುಂದಿನ ತಪಾಸಣೆ ಯಾವತ್ತು ಸಾಬ್?"

ಶ್ರೀಹರಿಯವರು ಆಚೀಚೆ ನೋಡಿದರು. ಚಿಕ್ಕವೆಂಕಟಪ್ಪ ಕಣ್ಣು ಮಿಟುಕಿಸದೆ ಅವರ ಕೈಯನ್ನೇ ನೋಡುತ್ತಿದ್ದರು. ಶ್ರೀಹರಿಯವರು ಉಗುರುಬಣ್ಣದ ಸೀಸೆಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಜೇಬಿಗೆ ಹಾಕಿಕೊಂಡು, ಬಗ್ಗಿ, ತಾರೀಕನ್ನು ಅಕ್ತರ್ ಕಿವಿಯಲ್ಲಿ ಹೇಳಿದರು.